ಬಿಸಿಲಿಗೆ ಹುಣಸೆ ಮರದ ಗಡಿಯಾರ ಯಾಕೆ ಮುಂದಕ್ಕೆ ಓಡುವುದಿಲ್ಲ?

ಪ್ರಶ್ನೆ: ನಾನು ಕಲಬುರಗಿ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಶಾಲೆಯ ಅಂಗಳದಲ್ಲಿ ದೊಡ್ಡ ಹುಣಸೆ ಮರ ಇದೆ. ಸಂಜೆಯಾದರೆ ಎಲೆ ಮಡಚುತ್ತದೆ, ಬೆಳಗ್ಗೆ ಬಿಚ್ಚುತ್ತದೆ. ಗಿಡಗಳ ಒಳಗೆ ಒಂದು ಗಡಿಯಾರ ಇದೆ, ಅದು ರಾಸಾಯನಿಕ ಕ್ರಿಯೆಗಳಿಂದ ನಡೆಯುತ್ತದೆ ಎಂದು ಓದಿ ಮಕ್ಕಳಿಗೆ ಹೇಳಿದೆ. ಆಗ ಒಬ್ಬ ಹುಡುಗ ಕೇಳಿದ: "ಬಿಸಿ ಹೆಚ್ಚಾದರೆ ರಾಸಾಯನಿಕ ಕ್ರಿಯೆ ಜೋರಾಗುತ್ತದೆ ಅಂತ ನೀವೇ ಹೇಳಿದ್ರಿ. ಹಂಗಾದ್ರೆ 42 ಡಿಗ್ರಿ ಬಿಸಿಲಿನಾಗ ಮರದ ಗಡಿಯಾರ ಮುಂದ ಓಡಬೇಕಲ್ಲ? ಚಳಿಗಾಲದಾಗ ಹಿಂದ ಬೀಳಬೇಕಲ್ಲ?" ನನಗೆ ಉತ್ತರ ಹೊಳೆಯಲಿಲ್ಲ. ದಯವಿಟ್ಟು ತಿಳಿಸಿ.

ಉತ್ತರ: ಮೇಡಂ, ಆ ಹುಡುಗ ಕೇಳಿದ್ದು ಈ ಇಡೀ ವಿಷಯದ ಬೇರಿನ ಪ್ರಶ್ನೆ. ಅವನಿಗೆ ಮೊದಲು ಹೇಳಬೇಕಾದದ್ದು ಇಷ್ಟು: ನೀನು ಯೋಚಿಸಿದ್ದು ಸರಿ. ಗಿಡದ ಗಡಿಯಾರ ರಾಸಾಯನಿಕವೇ. ಅದರ ಒಳಗಿನ ಕ್ರಿಯೆಗಳು ಬಿಸಿಗೆ ಜೋರಾಗುತ್ತವೆ, ಚಳಿಗೆ ನಿಧಾನ ಆಗುತ್ತವೆ. ಆದರೂ ಒಟ್ಟು ಗಡಿಯಾರ ಓಡುವುದಿಲ್ಲ, ಹಿಂದೆ ಬೀಳುವುದೂ ಇಲ್ಲ. ಬಿಸಿ ಅದಕ್ಕೆ ತಿಳಿಯುವುದಿಲ್ಲ ಅಂತಲ್ಲ. ಚೆನ್ನಾಗಿ ತಿಳಿಯುತ್ತದೆ. ತಿಳಿದು, ಸರಿದೂಗಿಸಿಕೊಳ್ಳುತ್ತದೆ.

ಇದು ಎಷ್ಟು ಕಷ್ಟದ ಕೆಲಸ ಎಂದು ಗೊತ್ತಾಗಲು ದೋಸೆ ಹಿಟ್ಟಿನಿಂದ ಶುರು ಮಾಡೋಣ. ಏಪ್ರಿಲ್‌ನಲ್ಲಿ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಿನ ಜಾವಕ್ಕೆ ಪಾತ್ರೆ ಮೀರಿ ಚೆಲ್ಲಿರುತ್ತದೆ. ಡಿಸೆಂಬರ್‌ನಲ್ಲಿ ಅದೇ ಹಿಟ್ಟು ಬೆಳಗ್ಗೆ ಎಂಟಾದರೂ ಉಬ್ಬಿರುವುದಿಲ್ಲ. ಜೀವಿಗಳೊಳಗಿನ ಹೆಚ್ಚಿನ ರಾಸಾಯನಿಕ ಕ್ರಿಯೆಗಳು ಹೀಗೇ. 10 ಡಿಗ್ರಿ ಏರಿದರೆ ವೇಗ ಎರಡರಿಂದ ಮೂರು ಪಟ್ಟು ಆಗುತ್ತದೆ. ಗಿಡದ ಗಡಿಯಾರವೂ ದೋಸೆ ಹಿಟ್ಟಿನ ಹಾಗಿದ್ದರೆ, 20 ಡಿಗ್ರಿಯಲ್ಲಿ 24 ಗಂಟೆಗೆ ಒಂದು ಸುತ್ತು ಮುಗಿಸುವುದು 30 ಡಿಗ್ರಿಯಲ್ಲಿ 12 ಗಂಟೆಗೇ ಮುಗಿಸಬೇಕಿತ್ತು. ನಿಮ್ಮೂರಿನ 40 ಡಿಗ್ರಿಯಲ್ಲಿ ಆರೇ ಗಂಟೆಗೆ. ಅಂದರೆ ಒಂದು ಹಗಲು, ಒಂದು ರಾತ್ರಿ ಕಳೆಯುವುದರೊಳಗೆ ಹುಣಸೆ ಮರಕ್ಕೆ ನಾಲ್ಕು "ದಿನ" ಆಗಿಬಿಡಬೇಕಿತ್ತು. ಹಾಗೆ ಆಗುವುದಿಲ್ಲ. ಗಿಡಗಳ ಗಡಿಯಾರದಲ್ಲಿ 10 ಡಿಗ್ರಿ ಏರಿದರೂ ವೇಗ ಸಾಮಾನ್ಯವಾಗಿ 0.8ರಿಂದ 1.2 ಪಟ್ಟಿನ ಒಳಗೇ ಇರುತ್ತದೆ. ಹೆಚ್ಚಿನ ಸಲ 1ರ ಪಕ್ಕದಲ್ಲೇ.

ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಂಗಳದಲ್ಲಿ ನೀವು ನೋಡುತ್ತಿರುವ ಮಡಚು-ಬಿಚ್ಚು ಇದಕ್ಕೆ ಪುರಾವೆ ಆಗುವುದಿಲ್ಲ. ಮರದ ಮೇಲೆ ದಿನಾ ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ. ಬೆಳಕು ದಿನವೂ ಗಡಿಯಾರದ ಮುಳ್ಳನ್ನು ತಿರುಗಿಸಿ ಸರಿ ಮಾಡುತ್ತಿರುತ್ತದೆ. ಗಡಿಯಾರ ಸ್ವಲ್ಪ ತಪ್ಪಿದ್ದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಿಮ್ಮಲ್ಲಿ ಡಿಸೆಂಬರ್‌ಗೂ ಜೂನ್‌ಗೂ ಸೂರ್ಯ ಮುಳುಗುವ ಹೊತ್ತಿನಲ್ಲಿ ಸುಮಾರು ಒಂದು ಗಂಟೆಯ ವ್ಯತ್ಯಾಸ ಇದೆ. ಎಲೆ ಮಡಚುವ ಹೊತ್ತೂ ಅದರ ಜೊತೆ ಆಚೀಚೆ ಸರಿಯುತ್ತದೆ. ಗಡಿಯಾರದ ನಿಜವಾದ ವೇಗ ನೋಡಬೇಕಾದರೆ ಗಿಡವನ್ನು ಸೂರ್ಯನಿಂದ ಬಿಡಿಸಿ ತರಬೇಕು. ಕತ್ತಲ ಕೋಣೆಯಲ್ಲೋ ಒಂದೇ ಸಮನಾದ ಮಂದ ಬೆಳಕಿನಲ್ಲೋ ಇಟ್ಟು ಕಾಯಬೇಕು.

ಇಲ್ಲಿಂದಲೇ ಕಥೆ ಶುರುವಾಗುತ್ತದೆ. ಅದು ನಿಮ್ಮ ಮರದ್ದೇ ಕಥೆ ಎನ್ನುವುದು ನನಗೆ ಖುಷಿ ಕೊಡುವ ಸಂಗತಿ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಅಲೆಕ್ಸಾಂಡರನ ನೌಕಾಪಡೆಯ ಆಂಡ್ರೊಸ್ಥೆನಿಸ್ ಟೈಲಸ್ ದ್ವೀಪಕ್ಕೆ, ಅಂದರೆ ಇವತ್ತಿನ ಬಹರೇನ್‌ಗೆ ಹೋಗಿದ್ದ. ಅಲ್ಲಿ ರಾತ್ರಿ ಎಲೆ ಮುಚ್ಚಿ ಬೆಳಗ್ಗೆ ತೆರೆಯುವ ಮರವೊಂದನ್ನು ಕಂಡು ಬರೆದಿಟ್ಟ. ಅದು ನಿದ್ದೆ ಮಾಡುತ್ತದೆ ಎಂದು ಅಲ್ಲಿಯ ಜನ ಹೇಳುತ್ತಿದ್ದರಂತೆ. ಆ ಮರ ಹುಣಸೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಎಲೆಗಳ ದಿನಚರಿಯ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಬರಹ ಅದು.

ಆಮೇಲೆ ಎರಡು ಸಾವಿರ ವರ್ಷ ಯಾರೂ ಗಿಡವನ್ನು ಕತ್ತಲಲ್ಲಿಟ್ಟು ನೋಡಲಿಲ್ಲ. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೆರಾನ್ ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲೆಗೆ ಹಾಕಿದರು. ಕತ್ತಲಲ್ಲೂ ಅದು ಹಗಲಿಗೆ ಎಲೆ ಬಿಚ್ಚಿತು, ರಾತ್ರಿಗೆ ಮಡಚಿತು. ಬೆಳಕಲ್ಲದೆ ಬಿಸಿ-ತಂಪೇ ಗಿಡಕ್ಕೆ ಹೊತ್ತು ತಿಳಿಸುತ್ತಿರಬಹುದಲ್ಲ ಎಂಬ ಅನುಮಾನ ಸಹಜವಾಗಿ ಬಂತು. 1750ರ ದಶಕದಲ್ಲಿ ದ್ಯುಹಮೆಲ್ ದ್ಯು ಮೊನ್ಸೊ ಎಂಬುವರು ಅದನ್ನೂ ಪರೀಕ್ಷೆ ಮಾಡಿದರು. ಗಿಡವನ್ನು ನೆಲಮಾಳಿಗೆಯಲ್ಲಿ ಇಟ್ಟರು. ಚರ್ಮ ಹೊದಿಸಿದ ಪೆಟ್ಟಿಗೆಯೊಳಗೆ ಇಟ್ಟು ಕಂಬಳಿ ಸುತ್ತಿದರು. ಗಿಡ ತನ್ನ ಪಾಡಿಗೆ ನಡೆದುಕೊಂಡೇ ಇತ್ತು. 1832ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ದ ಕಂಡೋಲ್ ಇನ್ನೊಂದು ಮುಖ್ಯ ವಿಷಯ ಕಂಡರು. ಬೆಳಕು ಒಂದೇ ಸಮ ಇಟ್ಟಾಗ ಗಿಡದ ಸುತ್ತು 24 ಗಂಟೆ ಇರಲಿಲ್ಲ, 22–23 ಗಂಟೆ ಇತ್ತು. ಇದು ದೊಡ್ಡ ಸುಳಿವು. ಹೊರಗಿನ ಯಾವುದೋ ಸಂಕೇತ ಗಿಡವನ್ನು ನಡೆಸುತ್ತಿದ್ದರೆ ಸುತ್ತು ಸರಿಯಾಗಿ 24 ಗಂಟೆ ಇರಬೇಕಿತ್ತು, ಅಲ್ವಾ? ಗಿಡಕ್ಕೆ ತನ್ನದೇ ಲೆಕ್ಕ ಇದೆ.

ಈ ವಿಷಯಕ್ಕೆ ಗಟ್ಟಿ ನೆಲ ಸಿಕ್ಕಿದ್ದು ಒಂದು ಆಲೂಗಡ್ಡೆ ನೆಲಮಾಳಿಗೆಯಲ್ಲಿ. 1920ರ ದಶಕದ ಕೊನೆಯಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಎರ್ವಿನ್ ಬ್ಯುನಿಂಗ್, ಕುರ್ಟ್ ಸ್ಟರ್ನ್ ಎಂಬ ಇಬ್ಬರು ಯುವ ಸಸ್ಯವಿಜ್ಞಾನಿಗಳು ಹುರುಳಿಕಾಯಿ ಜಾತಿಯ ಗಿಡಗಳ ಎಲೆ ಗಮನಿಸುತ್ತಿದ್ದರು. ಹ್ಯಾಂಬರ್ಗ್‌ನ ರೋಸ್ ಸ್ಟಾಪೆಲ್ ಆಗಲೇ ಕತ್ತಲ ಕೋಣೆಯಲ್ಲಿ, ಒಂದೇ ಉಷ್ಣತೆಯಲ್ಲಿ ಇಂಥ ಗಿಡಗಳನ್ನು ಬೆಳೆಸಿದ್ದರು. ಅವರ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ನಸುಕಿನಲ್ಲಿ, ಎಲೆ ಪೂರ್ತಿ ಇಳಿಸುತ್ತಿದ್ದವು. ಬೆಳಕಿಲ್ಲ, ಬಿಸಿಯಲ್ಲಿ ಏರುಪೇರಿಲ್ಲ. ಹಾಗಾದರೆ ಹೊರಗಿನಿಂದ ಕಾಣದ ಏನೋ ಒಂದು ಗಿಡಗಳಿಗೆ ಹೊತ್ತು ಹೇಳುತ್ತಿರಬೇಕು ಎಂದು ಅವರು ತೀರ್ಮಾನಿಸಿದ್ದರು.

ಬ್ಯುನಿಂಗ್ ಮತ್ತು ಸ್ಟರ್ನ್ ತಮ್ಮ ಗಿಡಗಳನ್ನು ಸ್ಟರ್ನ್ ಮನೆಯ ಆಲೂಗಡ್ಡೆ ನೆಲಮಾಳಿಗೆಗೆ ಸಾಗಿಸಿದರು. ಅಲ್ಲಿ ನೋಡಿದರೆ ಎಲೆ ಇಳಿಯುವ ಹೊತ್ತೇ ಬೇರೆಯಾಗಿಬಿಟ್ಟಿತು. ಬದಲಾಗಿದ್ದು ಏನು? ಕತ್ತಲ ಕೋಣೆಯಲ್ಲಿ ಗಿಡಕ್ಕೆ ನೀರು ಹಾಕಲು ಎಲ್ಲರೂ ಮಂದ ಕೆಂಪು ದೀಪ ಹಿಡಿದು ಹೋಗುತ್ತಿದ್ದರು. ಕೆಂಪು ಬೆಳಕು ಎಲೆಯ ಚಲನೆಗೆ ಏನೂ ಮಾಡುವುದಿಲ್ಲ ಎಂಬ ನಂಬಿಕೆ ಆಗ ಇತ್ತು. ಸಂಶೋಧನಾ ಸಂಸ್ಥೆಯ ಕತ್ತಲ ಕೋಣೆಯಲ್ಲಿ ನೀರು ಹಾಕುತ್ತಿದ್ದುದು ಬೆಳಗ್ಗೆ. ನೆಲಮಾಳಿಗೆಯಲ್ಲಿ ಹಾಕುತ್ತಿದ್ದುದು ಬೇರೆ ಹೊತ್ತಿನಲ್ಲಿ. ಗಿಡಗಳು ಆ ಕೆಂಪು ದೀಪವನ್ನೇ ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದವು! ದೀಪ ತೆಗೆದ ಮೇಲೆ ಗಿಡಗಳ ಸುತ್ತು ಸರಾಸರಿ 25.4 ಗಂಟೆಗೆ ನಿಂತಿತು. ಹೊರಗಿನ ಕಾಣದ ಶಕ್ತಿ ಯಾವುದೂ ಇರಲಿಲ್ಲ. ನೀರು ಹಾಕುವವರ ಕೈಯ ದೀಪ ಇತ್ತು, ಅಷ್ಟೆ. ಈ ಕಥೆಯನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಕೊನೆಯಲ್ಲಿ ನಿಮ್ಮ ಮಕ್ಕಳು ಪ್ರಯೋಗ ಮಾಡುವಾಗ ಇದು ಬೇಕಾಗುತ್ತದೆ.

ಬ್ಯುನಿಂಗ್ ಅಲ್ಲಿಗೇ ಬಿಡಲಿಲ್ಲ. 1930ರ ದಶಕದ ಆರಂಭದಲ್ಲಿ ಬೇರೆ ಬೇರೆ ಉಷ್ಣತೆಯಲ್ಲಿ ಗಿಡ ಇಟ್ಟು ನೋಡಿದರು. ನಿಮ್ಮ ಹುಡುಗನ ಪ್ರಶ್ನೆಯನ್ನೇ ಗಿಡಕ್ಕೆ ಕೇಳಿದರು ಎನ್ನಿ. ಸುತ್ತಿನ ಅವಧಿ ಬಿಸಿಗೆ ಬದಲಾದದ್ದು ತೀರಾ ಸ್ವಲ್ಪ. ಬ್ಯುನಿಂಗ್ ಮುಂದೆ ಟ್ಯೂಬಿಂಗನ್‌ನಲ್ಲಿ ನೆಲೆಸಿದರು. ಅಲ್ಲಿ ಕೆಲಸ ಮಾಡಿ ಬಂದ ಎಂ. ಕೆ. ಚಂದ್ರಶೇಖರನ್ ಅವರು ಮದುರೈನಲ್ಲಿ, ಆಮೇಲೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜೈವಿಕ ಗಡಿಯಾರದ ಸಂಶೋಧನೆಯನ್ನು ಬೆಳೆಸಿದರು. ಆ ಆಲೂಗಡ್ಡೆ ನೆಲಮಾಳಿಗೆಯ ಎಳೆ ನಮ್ಮ ಊರಿಗೂ ಬಂದಿದೆ.

ಬಿಸಿಯನ್ನೇ ನೇರವಾಗಿ ಹಿಂಬಾಲಿಸುವ ಗಿಡ ಹೇಗಿರುತ್ತದೆ ಎಂದು ತಿಳಿದರೆ ಈ ವ್ಯತ್ಯಾಸ ಇನ್ನೂ ಸ್ಪಷ್ಟ ಆಗುತ್ತದೆ. ಅದಕ್ಕೆ ಒಳ್ಳೆಯ ಉದಾಹರಣೆ ಜಗದೀಶ್ ಚಂದ್ರ ಬೋಸರ ಖರ್ಜೂರದ ಮರ. ಈಗ ಬಾಂಗ್ಲಾದೇಶದಲ್ಲಿರುವ ಫರೀದ್‌ಪುರದಲ್ಲಿ ಒಂದು ವಾಲಿದ ಖರ್ಜೂರದ ಮರ ಇತ್ತು. ದೇವಸ್ಥಾನದಲ್ಲಿ ಸಂಜೆ ಗಂಟೆ ಬಾರಿಸುವ ಹೊತ್ತಿಗೆ ತಲೆ ನೆಲಕ್ಕೆ ಬಾಗಿಸುತ್ತಿತ್ತು, ಬೆಳಗ್ಗೆ ಎದ್ದು ನಿಲ್ಲುತ್ತಿತ್ತು. ಮರ ಪ್ರಾರ್ಥನೆ ಮಾಡುತ್ತದೆ ಎಂದು ಜನ ಸೇರುತ್ತಿದ್ದರು. ಬೋಸ್ ಮರಕ್ಕೆ ತಮ್ಮ ಯಂತ್ರ ಕಟ್ಟಿ ದಿನವಿಡೀ ಅದರ ಏರಿಳಿತವನ್ನು ಬರೆಸಿದರು. ಪಕ್ಕದಲ್ಲಿ ಉಷ್ಣತೆಯ ಗೆರೆಯನ್ನೂ ಬರೆಸಿದರು. ಬಿಸಿ ಏರಿದಂತೆ ಮರ ಇಳಿಯುತ್ತಿತ್ತು, ತಂಪಾದಂತೆ ಏಳುತ್ತಿತ್ತು. ಒಂದು ಗೆರೆ ಇನ್ನೊಂದರ ಕನ್ನಡಿ ಬಿಂಬ. ಆ ಮರ ಬಾಗಿದ್ದು ಗಡಿಯಾರದ ಮಾತು ಕೇಳಿ ಅಲ್ಲ, ಬಿಸಿಯ ಮಾತು ಕೇಳಿ. ಅದನ್ನು ಮರದ ರೂಪದ ಥರ್ಮಾಮೀಟರ್ ಎನ್ನಬಹುದು. ಹುಣಸೆಯ ಎಲೆ ಹಾಗಲ್ಲ. ಮೋಡ ಕವಿದು ತಂಪಾದ ಮಧ್ಯಾಹ್ನವೇ ಇರಲಿ, ಧಗೆಯ ರಾತ್ರಿಯೇ ಇರಲಿ, ಅದರ ಒಳಗಿನ ಲೆಕ್ಕ ತನ್ನ ಪಾಡಿಗೆ ನಡೆದಿರುತ್ತದೆ.

ಒಂದು ಸಂಜೆ ಮಕ್ಕಳನ್ನು ಮರದ ಹತ್ತಿರ ಕರೆದುಕೊಂಡು ಹೋಗಿ ಭೂತಗನ್ನಡಿ ಕೊಡಿ. ಒಂದೊಂದು ಪುಟ್ಟ ಎಲೆಯ ಬುಡದಲ್ಲಿ, ಅದು ಕಡ್ಡಿಗೆ ಅಂಟಿರುವ ಜಾಗದಲ್ಲಿ, ಸಾಸಿವೆಗಿಂತ ಚಿಕ್ಕ ಒಂದು ಉಬ್ಬು ಕಾಣುತ್ತದೆ. ಬಾಗಿಲಿಗೆ ಕೀಲು ಹೇಗೋ ಎಲೆಗೆ ಅದು ಹಾಗೆ. ಉಬ್ಬಿನ ಒಂದು ಪಕ್ಕದ ಕೋಶಗಳು ನೀರು ತುಂಬಿಕೊಂಡು ಬಿಗಿಯುತ್ತವೆ, ಇನ್ನೊಂದು ಪಕ್ಕದವು ನೀರು ಬಿಟ್ಟು ಸೊರಗುತ್ತವೆ. ಎಲೆ ಸೊರಗಿದ ಕಡೆಗೆ ವಾಲುತ್ತದೆ. ನೀರನ್ನು ಆಚೆ ಈಚೆ ಎಳೆಯುವುದು ಪೊಟ್ಯಾಸಿಯಂ. ರಸ್ತೆ ಬದಿಯ ಮಳೆ ಮರದ ಎಲೆಗಳಲ್ಲಿ ಇದನ್ನು ವರ್ಷಗಟ್ಟಲೆ ಅಳೆದವರು ಅಮೆರಿಕದ ರೂತ್ ಸ್ಯಾಟರ್. ನೆನಪಿಡಿ, ಈ ಕೀಲು ಗಡಿಯಾರ ಅಲ್ಲ, ಗಡಿಯಾರದ ಮುಳ್ಳು. ಬಿಸಿ ಜಾಸ್ತಿಯಾದರೆ ಮುಳ್ಳು ಸ್ವಲ್ಪ ಕಡಿಮೆ ಆಡಬಹುದು. ಎಲೆ ಪೂರ್ತಿ ಬಿಚ್ಚದೆ ಇರಬಹುದು. ಅದನ್ನು ನೋಡಿ ಗಡಿಯಾರ ಕೆಟ್ಟಿತು ಎನ್ನಬಾರದು. ಎಲೆ ಎಷ್ಟು ಆಡುತ್ತದೆ ಎನ್ನುವುದು ಒಂದು ಲೆಕ್ಕ. ಎಷ್ಟು ಗಂಟೆಗೊಮ್ಮೆ ಆಡುತ್ತದೆ ಎನ್ನುವುದು ಇನ್ನೊಂದು ಲೆಕ್ಕ. ಬಿಸಿ ಮೊದಲನೆಯದನ್ನು ಸುಲಭವಾಗಿ ಬದಲಿಸುತ್ತದೆ, ಎರಡನೆಯದನ್ನು ಬದಲಿಸುವುದಿಲ್ಲ.

ಈಗ ಮುಖ್ಯ ಪ್ರಶ್ನೆ: ಹೇಗೆ ಬದಲಿಸದೆ ಇರುತ್ತದೆ?

ಮನುಷ್ಯರು ಮಾಡಿದ ಗಡಿಯಾರಕ್ಕೂ ಇದೇ ತೊಂದರೆ ಇತ್ತು. ಹಳೆಯ ಲೋಲಕದ ಗೋಡೆ ಗಡಿಯಾರ ನೆನಪಿಸಿಕೊಳ್ಳಿ. ಬಿಸಿಗೆ ಲೋಲಕದ ಕಡ್ಡಿ ಹಿಗ್ಗುತ್ತದೆ. ಉದ್ದ ಆದ ಲೋಲಕ ನಿಧಾನವಾಗಿ ತೂಗುತ್ತದೆ. ಕಡ್ಡಿ ಉಕ್ಕಿನದಾದರೆ 10 ಡಿಗ್ರಿ ಏರಿಕೆಗೆ ದಿನಕ್ಕೆ ಸುಮಾರು 5 ಸೆಕೆಂಡ್ ಹಿಂದೆ ಬೀಳುತ್ತದೆ. ಹಿತ್ತಾಳೆಯದಾದರೆ ಸುಮಾರು 8 ಸೆಕೆಂಡ್. 1720ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಇದಕ್ಕೆ ಉಪಾಯ ಕಂಡುಕೊಂಡರು. ಹಿಗ್ಗದ ಲೋಹ ಹುಡುಕುತ್ತಾ ಕೂರಲಿಲ್ಲ. ಹಿಗ್ಗುವ ಎರಡು ಲೋಹಗಳನ್ನೇ ಸೇರಿಸಿದರು. ಉಕ್ಕಿನ ಕಡ್ಡಿಗಳು ಕೆಳಕ್ಕೆ ಹಿಗ್ಗುವ ಹಾಗೆ, ಹಿತ್ತಾಳೆಯ ಕಡ್ಡಿಗಳು ಮೇಲಕ್ಕೆ ಹಿಗ್ಗುವ ಹಾಗೆ ಜೋಡಿಸಿದರು. ಒಂದು ಗುಂಡನ್ನು ಇಳಿಸಿದಷ್ಟೂ ಇನ್ನೊಂದು ಏರಿಸುತ್ತದೆ. ಗುಂಡು ಇದ್ದಲ್ಲೇ ಇರುತ್ತದೆ.

ಗಿಡವೂ ಇದೇ ದಾರಿ ಹಿಡಿದಿದೆ. 1957ರಲ್ಲಿ ಹೇಸ್ಟಿಂಗ್ಸ್ ಮತ್ತು ಬಿಯಾಟ್ರಿಸ್ ಸ್ವೀನಿ ಎಂಬ ಇಬ್ಬರು, ರಾತ್ರಿ ಹೊಳೆಯುವ ಒಂದು ಸಮುದ್ರ ಪಾಚಿಯಲ್ಲಿ ವಿಚಿತ್ರ ಕಂಡರು. ಬಿಸಿ ಏರಿದರೆ ಅದರ ಗಡಿಯಾರ ಒಂಚೂರು ನಿಧಾನ ಆಗುತ್ತಿತ್ತು! ಗಡಿಯಾರಕ್ಕೆ ಬಿಸಿ ತಾಗದೆ ಇದ್ದಿದ್ದರೆ ಹೀಗಾಗಲು ಸಾಧ್ಯವೇ ಇಲ್ಲ. ತಾಗುತ್ತದೆ, ಅದನ್ನು ತಿದ್ದಲು ಒಳಗೆ ಏನೋ ಎದುರು ಎಳೆಯುತ್ತದೆ, ಆ ಎಳೆತ ಇಲ್ಲಿ ಸ್ವಲ್ಪ ಜಾಸ್ತಿಯಾಗಿದೆ. ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ತರ್ಕ ಇದು. ಒಂಚೂರು ತಪ್ಪಿದ ಗಡಿಯಾರವೇ ಒಳಗಿನ ತಿದ್ದುವಿಕೆಯ ಗುಟ್ಟು ಬಿಟ್ಟುಕೊಟ್ಟಿತು.

ಎಳೆಯುವ ಕೈಗಳು ಯಾವುವು ಎಂದು ಗೊತ್ತಾಗಲು ಮುಂದೆ ಅರ್ಧ ಶತಮಾನ ಹಿಡಿಯಿತು. ಅದಕ್ಕೆ ನೆರವಾದದ್ದು ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆ. ಸಾಸಿವೆಯ ಬಂಧು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. 1990ರ ದಶಕದಲ್ಲಿ ಆಂಡ್ರ್ಯೂ ಮಿಲ್ಲರ್, ಸ್ಟೀವ್ ಕೇ ಮತ್ತು ಜೊತೆಗಾರರು ಇದಕ್ಕೆ ಮಿಂಚುಹುಳದ ಬೆಳಕಿನ ಜೀನ್ ಸೇರಿಸಿದರು. ಆ ಜೀನನ್ನು ಗಡಿಯಾರದ ಕೈಗೆ ಕಟ್ಟಿದರು. ಕತ್ತಲಲ್ಲಿ ಸೂಕ್ಷ್ಮ ಕ್ಯಾಮೆರಾ ಇಟ್ಟರೆ ಸಸಿಗಳು ದಿನಕ್ಕೊಮ್ಮೆ ಮಿನುಗಿ ಮಂಕಾಗುವುದು ಕಾಣುತ್ತದೆ. ಸಾವಿರಾರು ಸಸಿಗಳ ನಡುವೆ ಯಾವುದು ಬೇಗ ಮಿನುಗಿತು, ಯಾವುದು ತಡವಾಯಿತು ಎಂದು ನೋಡಿ, ಗಡಿಯಾರ ಕೆಟ್ಟ ಸಸಿಗಳನ್ನು ಆರಿಸಿದರು. ಟಿಒಸಿ1 ಎಂಬ ಜೀನ್ ಸಿಕ್ಕಿದ್ದು ಹೀಗೆ.

ಈ ಗಡಿಯಾರ ನಡೆಯುವ ರೀತಿಯನ್ನು ಮಕ್ಕಳಿಗೆ ಪಾಳಿ ಕೆಲಸದ ಹಾಗೆ ಹೇಳಬಹುದು. ಬೆಳಗಿನ ಪಾಳಿಗೆ ಸಿಸಿಎ1, ಎಲ್‌ಎಚ್‌ವೈ ಎಂಬ ಎರಡು ಪ್ರೋಟೀನುಗಳು ಬರುತ್ತವೆ. ಅವು ಸಂಜೆಯವರನ್ನು ಒಳಗೆ ಬಿಡುವುದಿಲ್ಲ. ಹೊತ್ತೇರಿದಂತೆ ಪಿಆರ್‌ಆರ್9, ಪಿಆರ್‌ಆರ್7, ಪಿಆರ್‌ಆರ್5 ಒಂದರ ಹಿಂದೆ ಒಂದು ಬಂದು ಬೆಳಗಿನವರನ್ನು ತಡೆಯುತ್ತವೆ. ಸಂಜೆಗೆ ಟಿಒಸಿ1 ಸೇರಿಕೊಳ್ಳುತ್ತದೆ. ರಾತ್ರಿ ಇಎಲ್‌ಎಫ್3 ಮತ್ತು ಅದರ ಇಬ್ಬರು ಸಂಗಡಿಗರು ಹಗಲಿನವರ ಬಾಗಿಲು ಹಾಕುತ್ತಾರೆ. ತಡೆಯುವವರು ಕರಗಿದಂತೆ, ನಸುಕಿಗೆ ಸ್ವಲ್ಪ ಮೊದಲು, ಸಿಸಿಎ1 ಮತ್ತೆ ಏಳುತ್ತದೆ. ಒಬ್ಬರನ್ನೊಬ್ಬರು ತಡೆಯುವುದರಿಂದಲೇ ಸುತ್ತು ನಡೆಯುತ್ತದೆ. ಪ್ರತಿ ತಡೆಗೂ ಇಷ್ಟು ಹೊತ್ತು ಬೇಕು. ಎಲ್ಲ ಸೇರಿದರೆ ಸುಮಾರು 24 ಗಂಟೆ.

ಈಗ ಬಿಸಿ ಏರಿತು ಎನ್ನಿ. ಸಿಸಿಎ1 ತಾನು ತಡೆಯಬೇಕಾದ ಜೀನ್‌ಗಳಿಗೆ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಷ್ಟೇ ಆಗಿದ್ದರೆ ಗಡಿಯಾರದ ವೇಗ ಕೆಡುತ್ತಿತ್ತು. ಆದರೆ ಅದೇ ಬಿಸಿಗೆ ಸಿಕೆ2 ಎಂಬ ಕಿಣ್ವವೂ ಚುರುಕಾಗುತ್ತದೆ. ಅದು ಸಿಸಿಎ1ಗೆ ಫಾಸ್ಫೇಟ್ ಸೇರಿಸಿ, ಅದರ ಹಿಡಿತ ಸಡಿಲಿಸುತ್ತದೆ. ಒಂದೇ ಬಿಸಿ ಒಂದು ಕೈಯಿಂದ ಹಿಡಿಸುತ್ತದೆ, ಇನ್ನೊಂದು ಕೈಯಿಂದ ಬಿಡಿಸುತ್ತದೆ. ಹ್ಯಾರಿಸನ್‌ನ ಉಕ್ಕು-ಹಿತ್ತಾಳೆ ಇದೇ. ಬಾರ್ಸಿಲೋನಾದ ಪಾಲೊಮಾ ಮಾಸ್ ಅವರ ತಂಡ 2010ರಲ್ಲಿ ಇದನ್ನು ತೋರಿಸಿತು.

ಅದೇ ವರ್ಷ ಇನ್ನೊಂದು ಪ್ರಯೋಗ ಬಂತು. ನಿಮ್ಮ ಹುಡುಗನಿಗೆ ಇದನ್ನು ತಪ್ಪದೆ ಹೇಳಿ. ಪಿಆರ್‌ಆರ್7, ಪಿಆರ್‌ಆರ್9 ಎರಡೂ ಕೆಟ್ಟ ಸಸಿಗಳನ್ನು ಬಿಸಿಯಲ್ಲಿಟ್ಟರೆ ಏನಾಗಬೇಕು? ಗಡಿಯಾರ ಓಡಬೇಕು ಎಂದು ನಾವು ಊಹಿಸುತ್ತೇವೆ. ಆದದ್ದು ಉಲ್ಟಾ. ಬಿಸಿ ಏರಿದಷ್ಟೂ ಆ ಸಸಿಗಳ ಗಡಿಯಾರ ನಿಧಾನ ಆಯಿತು. ಆಮೇಲೆ ಅದೇ ಸಸಿಗಳಲ್ಲಿ ಸಿಸಿಎ1, ಎಲ್‌ಎಚ್‌ವೈ ಪ್ರಮಾಣ ಇಳಿಸಿದಾಗ ಗಡಿಯಾರ ಮತ್ತೆ ಸರಿಹೋಯಿತು. ಅಂದರೆ ಬಿಸಿಯಲ್ಲಿ ಬೆಳಗಿನ ಪಾಳಿಯವರು ಮಿತಿಮೀರದ ಹಾಗೆ ಹಗಲಿನ ಪಾಳಿಯವರು ಕಡಿವಾಣ ಹಾಕುತ್ತಾರೆ. ಕಡಿವಾಣ ಕಳಚಿದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಜೈಗಾಂಟಿಯಾ ಎಂಬ ಇನ್ನೊಂದು ಜೀನ್ ಇದೆ. ಅದು ಇದ್ದರೆ ಗಡಿಯಾರ ಸರಿಯಾಗಿ ನಡೆಯುವ ಉಷ್ಣತೆಯ ವ್ಯಾಪ್ತಿ ಎರಡೂ ಕಡೆಗೆ ಹಿಗ್ಗುತ್ತದೆ.

ಚಳಿಯ ಕಡೆಗೆ ಬೇರೆ ಉಪಾಯ. ತಂಪಾದಾಗ ಎಲ್ಲವೂ ನಿಧಾನ, ಗಡಿಯಾರ ಹಿಂದೆ ಬೀಳುವ ಅಪಾಯ. ಆಗ ಗಿಡ ತಡೆಯುವವರನ್ನೇ ಕಡಿಮೆ ಮಾಡುತ್ತದೆ. ಜಪಾನಿನ ನೊರಿಹಿಟೊ ನಕಮಿಚಿ ಅವರ ತಂಡ 2024ರಲ್ಲಿ ಪ್ರಕಟಿಸಿದ ಪ್ರಕಾರ, ಚಳಿಯಲ್ಲಿ ಪಿಆರ್‌ಆರ್5 ಮತ್ತು ಟಿಒಸಿ1 ಪ್ರೋಟೀನುಗಳನ್ನು ಕೋಶ ಒಡೆದುಹಾಕುತ್ತದೆ. ತಡೆ ಕಡಿಮೆ, ಕಾಯುವ ಹೊತ್ತು ಕಡಿಮೆ. ಕ್ರಿಯೆಗಳು ನಿಧಾನವಾದರೂ ಒಟ್ಟು ಸುತ್ತು ಉದ್ದ ಆಗುವುದಿಲ್ಲ.

ಎಲ್ಲ ಗಡಿಯಾರವೂ ಹೀಗೆ ಹತ್ತಾರು ಕೈಗಳ ಎಳೆದಾಟವೇ? ಅಲ್ಲ. ಗಿಡಗಳ ದೂರದ ಸಂಬಂಧಿಗಳಾದ ನೀಲಿ-ಹಸಿರು ಬ್ಯಾಕ್ಟೀರಿಯಾದಲ್ಲಿ ಕೈಎ, ಕೈಬಿ, ಕೈಸಿ ಎಂಬ ಮೂರೇ ಪ್ರೋಟೀನುಗಳು ಸಾಕು. 2005ರಲ್ಲಿ ಜಪಾನಿನ ನಗೋಯಾದ ತಕಾವೊ ಕೊಂಡೊ ಅವರ ತಂಡ ಈ ಮೂರನ್ನು ಎಟಿಪಿ, ಅಂದರೆ ಜೀವಕೋಶಗಳಿಗೆ ಶಕ್ತಿ ಒದಗಿಸುವ ಅಣುವಿನ ಜೊತೆ ಗಾಜಿನ ಕೊಳವೆಗೆ ಹಾಕಿತು. ಜೀವಕೋಶವೇ ಇಲ್ಲ. ಆದರೂ ಕೊಳವೆಯೊಳಗೆ ದಿನಕ್ಕೊಂದು ಸುತ್ತು ನಡೆಯಿತು. 25 ಡಿಗ್ರಿಯಲ್ಲೂ 35 ಡಿಗ್ರಿಯಲ್ಲೂ ಅವಧಿ ಹೆಚ್ಚುಕಡಿಮೆ ಅದೇ. ಇಲ್ಲಿ ಒಂದು ಕೈಸಿ ಅಣು ದಿನಕ್ಕೆ ಸುಮಾರು 15 ಎಟಿಪಿ ಮಾತ್ರ ಮುರಿಯುತ್ತದೆ. ಕಿಣ್ವಗಳ ಲೋಕದಲ್ಲಿ ಇದು ನಂಬಲಾಗದಷ್ಟು ನಿಧಾನ. ಆ ನಿಧಾನದ ವೇಗವನ್ನು ಬಿಸಿ ಕದಲಿಸುವುದಿಲ್ಲ. ಇಲ್ಲಿ ಸರಿದೂಗಿಸುವ ಗುಣ ಒಂದು ಅಣುವಿನ ರಚನೆಯಲ್ಲೇ ಅಡಗಿದೆ.

ಇಷ್ಟು ಹೇಳಿದ ಮೇಲೆ ಮಕ್ಕಳು ಇನ್ನೊಂದು ಪ್ರಶ್ನೆ ಕೇಳಬಹುದು: ಹಾಗಾದರೆ ಗಡಿಯಾರ ಬಿಸಿಯನ್ನು ಪೂರ್ತಿ ಮರೆತುಬಿಡುತ್ತದಾ? ಇಲ್ಲ. ಗಡಿಯಾರದ ವೇಗ ಬೇರೆ, ಮುಳ್ಳು ಕೂರಿಸುವುದು ಬೇರೆ. ಹಗಲು ಬಿಸಿ, ರಾತ್ರಿ ತಂಪು ಎಂಬ ಏರಿಳಿತ ದಿನವೂ ಬಂದರೆ ಗಿಡ ಅದನ್ನು ನೋಡಿ ಮುಳ್ಳು ಸರಿಮಾಡಿಕೊಳ್ಳುತ್ತದೆ. ಅರಬಿಡಾಪ್ಸಿಸ್‌ಗೆ 22 ಮತ್ತು 18 ಡಿಗ್ರಿಯ ನಡುವಿನ ನಾಲ್ಕು ಡಿಗ್ರಿ ವ್ಯತ್ಯಾಸ ಸಾಕು. ಬಿಸಿ ಬಂದಾಗ ಹೊತ್ತು ಹೊಂದಿಸಿಕೊಳ್ಳುತ್ತದೆ, ಆದರೆ ಬಿಸಿಯಿಂದ ಓಡುವುದಿಲ್ಲ. ಪಿಆರ್‌ಆರ್7, ಪಿಆರ್‌ಆರ್9 ಈ ಕೆಲಸಕ್ಕೂ ಬೇಕು. ಇಎಲ್‌ಎಫ್3 ಅಂತೂ ತಾನೇ ಬಿಸಿ ಅರಿಯುತ್ತದೆ. ಬಿಸಿಯಾದರೆ ಕೋಶದೊಳಗೆ ಹನಿಗಳಾಗಿ ಗುಂಪುಗೂಡಿ ಕೆಲಸ ನಿಲ್ಲಿಸುತ್ತದೆ, ತಂಪಾದರೆ ಕರಗಿ ಮತ್ತೆ ಕೆಲಸಕ್ಕೆ ಇಳಿಯುತ್ತದೆ.

ಸರಿದೂಗಿಸುವುದಕ್ಕೆ ಮಿತಿಯೂ ಇದೆ. ಅರಬಿಡಾಪ್ಸಿಸ್‌ನಲ್ಲಿ ಸುಮಾರು 12ರಿಂದ 27 ಡಿಗ್ರಿಯವರೆಗೆ ಚೆನ್ನಾಗಿ ನಡೆಯುತ್ತದೆ. 4 ಡಿಗ್ರಿಗೆ ಇಳಿಸಿದರೆ ಗಡಿಯಾರದ ಏರಿಳಿತ ಮಂಕಾಗುತ್ತದೆ. ಯುರೋಪಿನ ಚೆಸ್ಟ್‌ನಟ್ ಮರಗಳಲ್ಲಿ ಚಳಿಗಾಲವಿಡೀ ಗಡಿಯಾರದ ಜೀನ್‌ಗಳು ಏರಿಳಿಯದೆ ಒಂದೇ ಮಟ್ಟದಲ್ಲಿ ನಿಂತುಬಿಡುತ್ತವೆ. ಮರ ಮಲಗಿರುವಾಗ ಗಡಿಯಾರಕ್ಕೂ ವಿಶ್ರಾಂತಿ.

ಇಷ್ಟೆಲ್ಲ ಕಷ್ಟಪಟ್ಟು ಗಿಡ ಯಾಕೆ ಹೊತ್ತು ಕಾಯಬೇಕು? ಒಂದೇ ಉದಾಹರಣೆ ಕೊಡುತ್ತೇನೆ. ಹಗಲು ಕೂಡಿಟ್ಟ ಪಿಷ್ಟವನ್ನು ಗಿಡ ರಾತ್ರಿ ಸ್ವಲ್ಪ ಸ್ವಲ್ಪವೇ ಖರ್ಚು ಮಾಡುತ್ತದೆ. ತಿಂಗಳ ದಿನಸಿಯನ್ನು ಸಂಬಳದ ದಿನದವರೆಗೆ ಹೊಂದಿಸಿದ ಹಾಗೆ. ಅರಬಿಡಾಪ್ಸಿಸ್‌ನಲ್ಲಿ ಬೆಳಗಾಗುವ ಹೊತ್ತಿಗೆ ಪಿಷ್ಟದ ಸುಮಾರು ಶೇ. 95ರಷ್ಟು ಮುಗಿದಿರುತ್ತದೆ, ಪೂರ್ತಿ ಖಾಲಿ ಆಗಿರುವುದಿಲ್ಲ. ಬೆಳಗಾಗಲು ಇನ್ನೆಷ್ಟು ಹೊತ್ತು ಎಂದು ಗೊತ್ತಿದ್ದರೆ ಮಾತ್ರ ಇದು ಸಾಧ್ಯ. ಧಗೆಯ ರಾತ್ರಿಯಲ್ಲಿ ಗಡಿಯಾರ ಎರಡು ಪಟ್ಟು ಓಡಿದರೆ, ಗಿಡ ನಡುರಾತ್ರಿಗೇ ಬೆಳಗಾಯಿತು ಎಂದುಕೊಂಡು ಎಲ್ಲ ಮುಗಿಸಿ ಉಪವಾಸ ಬೀಳುತ್ತದೆ. 2005ರಲ್ಲಿ ಕೇಂಬ್ರಿಜ್‌ನ ಆಂಟನಿ ಡಾಡ್ ಮತ್ತು ಜೊತೆಗಾರರು ತೋರಿಸಿದ ಹಾಗೆ, ಒಳಗಿನ ಗಡಿಯಾರ ಹೊರಗಿನ ದಿನಕ್ಕೆ ಹೊಂದಿದ ಗಿಡಗಳಲ್ಲಿ ಹಸಿರು ಜಾಸ್ತಿ, ಬೆಳವಣಿಗೆಯೂ ಜಾಸ್ತಿ. ಹೂ ಬಿಡುವ ಕಾಲವೂ ಇದರ ಮೇಲೆಯೇ ನಿಂತಿದೆ. ನಮ್ಮ ಸೇವಂತಿಗೆ ಬೆಳೆಗಾರರು ರಾತ್ರಿ ಹೊಲದಲ್ಲಿ ಬಲ್ಬು ಉರಿಸಿ ಹೂ ಬಿಡುವುದನ್ನು ತಡ ಮಾಡುತ್ತಾರಲ್ಲ, ಅವರು ಮಾತಾಡುವುದು ಇದೇ ಗಡಿಯಾರದ ಜೊತೆ.

ಇನ್ನು ನಿಮ್ಮ ಶಾಲೆಯಲ್ಲೇ ಮಾಡಿ ನೋಡಬಹುದಾದ ಪ್ರಯೋಗ. ಅಂಗಳದ ಮರದ ಹುಣಸೆ ಬೀಜವನ್ನೇ ನೆನೆಸಿ ನಾಲ್ಕೈದು ಕುಂಡಗಳಲ್ಲಿ ಹಾಕಿ. ಸಸಿ ಗೇಣುದ್ದ ಆಗಲಿ. ಒಂದು ವಾರ ಬಯಲಲ್ಲೇ ಇಟ್ಟು ಹಗಲು-ರಾತ್ರಿಗೆ ಹೊಂದಿಸಿ. ಆಮೇಲೆ ಕಿಟಕಿ ಮುಚ್ಚಿದ ಕೋಣೆಗೆ ತನ್ನಿ. ಒಂದು ಮಂದ ಎಲ್‌ಇಡಿ ಬಲ್ಬನ್ನು ಹಗಲು-ರಾತ್ರಿ ಆರಿಸದೆ ಉರಿಸಿ. ಪೂರ್ತಿ ಕತ್ತಲೆ ಬೇಡ, ಸಸಿ ಬೇಗ ಸೊರಗಿ ಎಲೆ ಆಡುವುದೇ ನಿಲ್ಲುತ್ತದೆ. ಕೋಣೆಯೊಳಗೆ ಟಾರ್ಚ್ ಬೇಡ, ಮೊಬೈಲ್ ಫ್ಲ್ಯಾಶ್ ಬೇಡ, ಬಾಗಿಲು ತೆರೆದಾಗ ಬಿಸಿಲು ಬೀಳಬಾರದು. ಕೆಂಪು ದೀಪ ಅಂತೂ ಬೇಡವೇ ಬೇಡ, ಯಾಕೆ ಎಂದು ಮಕ್ಕಳೇ ಹೇಳುತ್ತಾರೆ. ನೀರು ಹಾಕುವ ಹೊತ್ತನ್ನು ದಿನಾ ಬದಲಿಸಿ, ಇಲ್ಲದಿದ್ದರೆ ಅದೂ ಒಂದು ಸಂಕೇತ ಆಗಬಹುದು. ಒಂದು ಹಳೆಯ ಮೊಬೈಲನ್ನು ಫ್ಲ್ಯಾಶ್ ಇಲ್ಲದೆ ಅರ್ಧ ಗಂಟೆಗೊಮ್ಮೆ ತಾನೇ ಫೋಟೊ ತೆಗೆಯುವ ಹಾಗೆ ಇಡಿ. ಅದರ ಪರದೆ ಗೋಡೆಯ ಕಡೆಗಿರಲಿ. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ, ದಿನಕ್ಕೆ ನಾಲ್ಕು ಸಲ ಬರೆದುಕೊಳ್ಳಿ.

ಮೂರು-ನಾಲ್ಕು ದಿನದ ಫೋಟೊ ಸಾಕು. ಎಲೆ ಅತಿ ಹೆಚ್ಚು ಬಿಚ್ಚಿದ ಹೊತ್ತನ್ನು ಗುರುತು ಹಾಕಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ಗಂಟೆ ಎಂದು ಎಣಿಸಿ. ಸರಿಯಾಗಿ 24 ಬರದಿದ್ದರೆ ಗಾಬರಿ ಬೇಡ. ಬರದೆ ಇರುವುದೇ ಗಡಿಯಾರ ಒಳಗಿನದು ಎಂಬುದಕ್ಕೆ ಗುರುತು, ದ ಕಂಡೋಲ್ ಕಂಡದ್ದೂ ಅದನ್ನೇ. ಡಿಸೆಂಬರ್‌ನಲ್ಲಿ ಒಂದು ಸಲ ಮಾಡಿ. ಅದೇ ಕೋಣೆ, ಅದೇ ಬಲ್ಬು, ಅದೇ ಮರದ ಬೀಜದ ಸಸಿಗಳನ್ನು ಇಟ್ಟುಕೊಂಡು ರಜೆ ಬರುವ ಮೊದಲು, ಮಾರ್ಚ್ ಕೊನೆಗೆ, ಇನ್ನೊಂದು ಸಲ ಮಾಡಿ. ಕೋಣೆಯ ಉಷ್ಣತೆಯಲ್ಲಿ 10 ಡಿಗ್ರಿಯ ಹತ್ತಿರ ವ್ಯತ್ಯಾಸ ಸಿಗಬಹುದು. ಎರಡೂ ಸಲದ ಗಂಟೆಗಳನ್ನು ಅಕ್ಕಪಕ್ಕ ಬೋರ್ಡಿನ ಮೇಲೆ ಬರೆಯಿರಿ. ಪ್ರಶ್ನೆ ಕೇಳಿದ ಹುಡುಗನ ಕೈಯಲ್ಲೇ ಬರೆಸಿ. ಬಂದ ಲೆಕ್ಕವನ್ನು ನನಗೂ ಕಳಿಸಿ, ನೋಡಲು ಕಾಯುತ್ತಿರುತ್ತೇನೆ.